ಆರು ತೂತು, ಅಳತೆಯ ಉಸಿರು



ನಮ್ಮ ಮನೆಗಳಲ್ಲಿ ವಿಷಲ್ ಎಂದರೆ ಕುಕ್ಕರಿನದು. ಎಷ್ಟಾಯಿತು, ಎರಡೋ ಮೂರೋ ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ. ಬೀದಿಗೆ ಬಂದರೆ ವಿಷಲ್ ಪೊಲೀಸಿನವರದು, ಬಸ್ ಕಂಡಕ್ಟರದು. ಇವತ್ತು ನಾನು ಹೇಳಹೊರಟ ವಿಷಲ್ ಇವ್ಯಾವುದೂ ಅಲ್ಲ. ಅದೊಂದು ವಾದ್ಯ. ಹೆಸರು ಪೆನ್ನಿ ವಿಷಲ್. ಟಿನ್ ವಿಷಲ್ ಎಂದೂ ಕರೆಯುತ್ತಾರೆ. ನಾನು ತಗಡಿನ ಕೊಳಲು ಎನ್ನುತ್ತೇನೆ.

ಇದರ ದನಿಯನ್ನು ನೀವು ಕೇಳಿಯೇ ಇದ್ದೀರಿ. 1997ರ ಟೈಟಾನಿಕ್ ಸಿನಿಮಾದ ಹಾಡನ್ನು ನೆನಪಿಗೆ ತಂದುಕೊಳ್ಳಿ. ಹಾಡುಗಾರ್ತಿ ಬಾಯಿ ತೆರೆಯುವ ಮೊದಲು ಒಂದು ಕೊಳಲಿನಂಥ ದನಿ ತೇಲಿ ಬರುತ್ತದಲ್ಲ, ಅದು ಈ ಕುಟುಂಬದ್ದೇ.

ಬಾನುಲಿಯಲ್ಲಿ ವಾದ್ಯವನ್ನು ಎತ್ತಿ ತೋರಿಸುವಂತಿಲ್ಲ. ಹಾಗಾಗಿ ಹೇಳುತ್ತೇನೆ, ನೀವೇ ಕಣ್ಣ ಮುಂದೆ ತಂದುಕೊಳ್ಳಿ. ಮಕ್ಕಳ ಕಂಪಾಸಿನ ಪೆಟ್ಟಿಗೆಯಲ್ಲಿ ಹಿಡಿಸದ ದೊಡ್ಡ ಸ್ಕೇಲ್ ಇರುತ್ತದೆ. ಅಷ್ಟು ಉದ್ದ, ಅಂದರೆ ಸುಮಾರು 30 ಸೆಂಟಿಮೀಟರ್. ಗಾತ್ರ ನಿಮ್ಮ ಕಿರುಬೆರಳಿನಷ್ಟು. ಒಂದು ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಬಾಯಿ. ಮೈಮೇಲೆ ಆರು ತೂತು. ಹಿಂಬದಿಯಲ್ಲಿ ಏನೂ ಇಲ್ಲ. ಜಾತ್ರೆಯಲ್ಲಿ ಬಿದಿರುಗೋಲಿನ ತುದಿಗೆ ನೂರಾರು ಕೊಳಲು ಸಿಕ್ಕಿಸಿಕೊಂಡು ಬರುತ್ತಾನಲ್ಲ ಮಾರುವವನು? ಅವುಗಳಲ್ಲಿ ಬಾಯಿಗೆ ನೇರ ಇಟ್ಟು ಊದುವಂಥವೂ ಇರುತ್ತವೆ. ಅದರ ಅಣ್ಣ ಎಂದುಕೊಳ್ಳಿ.

ಇದು ನನ್ನ ಕೈಗೆ ಬಂದದ್ದು ನಿವೃತ್ತಿಗೆ ಮೂರು ವರ್ಷ ಇದ್ದಾಗ. ನನ್ನ ಅಕ್ಕನ ಮಗ ಡಬ್ಲಿನ್‌ನಲ್ಲಿದ್ದಾನೆ. ರಜೆಗೆ ಬಂದವನು ಚಾಕೊಲೇಟಿನ ಜೊತೆ ಇದನ್ನೂ ಕೊಟ್ಟ. "ಮಾಮ, ಚಿಕ್ಕವರಿದ್ದಾಗ ಕೊಳಲು ಕಲಿಯೋಕೆ ಹೋಗಿದ್ರಂತೆ, ಅಮ್ಮ ಹೇಳ್ತಿದ್ಲು" ಅಂದ. ಅವನ ಅಮ್ಮ ಪೂರ್ತಿ ಕಥೆ ಹೇಳಿರಲಿಲ್ಲ. ನಾನು ಹೋದದ್ದು ನಿಜ. ಮೂರು ತಿಂಗಳು ಬಿದಿರಿಗೆ ತುಟಿ ಒತ್ತಿ ಕೂತದ್ದೂ ನಿಜ. ಬಂದದ್ದು ಬರೀ ಗಾಳಿ. ತಲೆ ತಿರುಗುವಷ್ಟು ಗಾಳಿ. ಕೊಳಲು ಅಟ್ಟ ಸೇರಿತು. "ಆ ತೂತುಗಳಿಲ್ಲದಿದ್ರೆ ಒಲೆ ಊದೋಕಾದ್ರೂ ಬರ್ತಿತ್ತು" ಅಂದಳು ನಮ್ಮಮ್ಮ.

ತಗಡಿನ ಕೊಳಲು ಮೊದಲ ಉಸಿರಿಗೇ ನುಡಿಯಿತು. ನನಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಊದಿದೆ. ಮತ್ತೆ ನುಡಿಯಿತು.

ಯಾಕೆ ಹಾಗೆ? ಬಿದಿರಿನ ಕೊಳಲಿನಲ್ಲಿ ಗಾಳಿಯನ್ನು ತೆಳ್ಳಗೆ ಮಾಡಿ, ತೂತಿನ ಆಚೆಯಂಚಿಗೆ ಗುರಿಯಿಟ್ಟು ಬಿಡುವ ಕೆಲಸ ತುಟಿಯದು. ಗುರಿ ಕೂದಲೆಳೆಯಷ್ಟು ತಪ್ಪಿದರೂ ದನಿ ಇಲ್ಲ. ತಗಡಿನ ಕೊಳಲಿನಲ್ಲಿ ಆ ತುಟಿಯನ್ನು ಮಾಡಿಟ್ಟೇ ಕೊಡುತ್ತಾರೆ. ಕೊಕ್ಕಿನೊಳಗೆ ಒಂದು ಇಕ್ಕಟ್ಟಾದ ಗಾಳಿಯ ದಾರಿ ಇದೆ. ಅದರ ಮುಂದೆ ಒಂದು ಸಣ್ಣ ಕಿಟಕಿ. ಕಿಟಕಿಯ ಆಚೆ ಚೂಪಾದ ಅಂಚು. ಉಸಿರು ಆ ದಾರಿಯಲ್ಲಿ ಹೋಗಿ ಅಂಚಿಗೆ ಬಡಿಯಲೇಬೇಕು. ಬಡಿದಾಗ ಗಾಳಿ ಅಂಚಿನ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಓಲಾಡುತ್ತದೆ. ಕೊಳವೆಯೊಳಗಿನ ಗಾಳಿ ಅದಕ್ಕೆ ತಾಳ ಹಾಕುತ್ತದೆ. ಎಲ್ಲ ತೂತು ಮುಚ್ಚಿದರೆ ಸೆಕೆಂಡಿಗೆ ಸುಮಾರು 600 ಸಲ. ಹಾರ್ಮೋನಿಯಂ ಬಲ್ಲವರು ಬಿಳಿ ಎರಡು ಎಂದರೆ ಗುರುತು ಹಿಡಿಯುತ್ತಾರೆ.

(ಇಲ್ಲಿ ಆಧಾರ ಸ್ವರವನ್ನು ಊದಿ ಕೇಳಿಸಲಾಯಿತು.)

ತುಟಿಯ ಕೆಲಸವನ್ನು ವಾದ್ಯವೇ ವಹಿಸಿಕೊಂಡಿತು, ಆದ್ದರಿಂದ ದನಿ ಸುಲಭ ಎಂದೆ. ಆ ಸುಲಭದ ಹಿಂದೆ ಒಂದು ಕಷ್ಟ ಇದೆ. ಮೊದಲ ವಾರ ನಾನು ಅದನ್ನು ಕಾಣಲಿಲ್ಲ. ಮನೆಯವರು ಕಂಡರು, ಅಂದರೆ ಕೇಳಿದರು.

ತುಟಿಯ ಕೆಲಸ ಹೋದ ಮೇಲೆ ನಮಗೆ ಉಳಿದದ್ದು ಎರಡೇ. ಬೆರಳು ಮತ್ತು ಉಸಿರು. ಬೆರಳು ಹದಿನೈದು ದಿನದಲ್ಲಿ ಮಾತು ಕೇಳುತ್ತದೆ. ಉಸಿರು ಕೇಳುವುದಿಲ್ಲ. ಈ ಕೊಳಲಿಗೆ ಎರಡು ಸ್ಥಾಯಿ ಉಂಟು. ಎರಡಕ್ಕೂ ಬೆರಳು ಒಂದೇ. ಮೆಲ್ಲಗೆ ಊದಿದರೆ ಕೆಳಗಿನ ಸ, ಸ್ವಲ್ಪ ಒತ್ತಿ ಊದಿದರೆ ಮೇಲಿನ ಸ. ಬೇರೆ ಗುಂಡಿ ಇಲ್ಲ, ಕೀಲಿ ಇಲ್ಲ. ನಡುವೆ ಇರುವುದು ಉಸಿರಿನ ಅಳತೆ ಮಾತ್ರ. ಹೊಸಬರೆಲ್ಲ ಜೋರಾಗಿ ಊದುತ್ತಾರೆ. ಎಲ್ಲ ತೂತು ಮುಚ್ಚಿ ಜೋರಾಗಿ ಊದಿದಿರೋ, ಕೆಳಗಿನ ಸ ಒಡೆದು ಮೇಲಕ್ಕೆ ನೆಗೆಯುತ್ತದೆ. ಕೀಚು ಎನ್ನುತ್ತದೆ. ನಾಯಿ ತಲೆ ಎತ್ತಿ ನೋಡುತ್ತದೆ.

ಎಷ್ಟು ಊದಬೇಕು ಹಾಗಾದರೆ? ಲೋಟದ ಬಿಸಿ ಕಾಫಿಯ ಮೇಲೆ ಕೆನೆಯನ್ನು ಸರಿಸಲು ಊದುತ್ತೀರಲ್ಲ, ಅಷ್ಟು. ಕಾಫಿ ತುಳುಕಬಾರದು. ಕೆಳಗಿನ ಸ್ವರಕ್ಕೆ ಅಷ್ಟೇ ಸಾಕು. ಒಂದೊಂದು ಸ್ವರ ಮೇಲೇರಿದಂತೆ ಚೂರು ಚೂರು ಹೆಚ್ಚು. ತಾರಸ್ಥಾಯಿಯ ತುತ್ತತುದಿಗೆ ಹೋದಾಗ ಮಾತ್ರ ದೀಪ ಆರಿಸುವಷ್ಟು. ನನಗೆ ಈ ವಾದ್ಯ ಕಲಿಸಿದ್ದು ಊದುವುದನ್ನಲ್ಲ, ಊದುವುದನ್ನು ಕಡಿಮೆ ಮಾಡುವುದನ್ನು. ಅದಕ್ಕೆ ಒಂದು ವರ್ಷ ಬೇಕಾಯಿತು.

ಸರಿ. ಉಸಿರಿನ ಅಳತೆ ಎಂಬ ಮಾತನ್ನು ಹಿಡಿದುಕೊಳ್ಳಿ. ಅದನ್ನು ಬಿಡದೆ, ಈ ತಗಡು ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ.

ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಕೋನಿ ವೆಸ್ಟನ್ ಎಂಬ ಹಳ್ಳಿ. ಅಲ್ಲಿ ರಾಬರ್ಟ್ ಕ್ಲಾರ್ಕ್ ಎಂಬ ಹೊಲದ ಕೂಲಿ. ಮರದ ವಿಷಲ್ ಊದುವ ಚಟ ಅವನಿಗೆ. ಆಗ ಹೊಸದಾಗಿ ಪೇಟೆಗೆ ಬರುತ್ತಿದ್ದ ತವರ ಬಳಿದ ತಗಡನ್ನು ಕಂಡ. ಅದನ್ನು ಸುರುಳಿ ಸುತ್ತಿ, ಬಾಯಿಗೊಂದು ಮರದ ಬೆಣೆ ಬಡಿದು ವಿಷಲ್ ಮಾಡಿದ. ಅದು 1843. ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು, ದಾರಿಯುದ್ದಕ್ಕೂ ಮಾಡುತ್ತ ಮಾರುತ್ತ, ಮ್ಯಾಂಚೆಸ್ಟರ್‌ವರೆಗೆ ನಡೆದೇ ಹೋದ ಎನ್ನುತ್ತಾರೆ. ಗಿರಣಿಗಳ ಊರು ಅದು. ಅಲ್ಲಿ ಕಾರ್ಖಾನೆ ಹಾಕಿದ. ಅವನ ಹೆಸರಿನ ವಿಷಲ್ ಇವತ್ತಿಗೂ ಸಿಗುತ್ತದೆ. ಬುಡದ ಕಡೆ ಸಣ್ಣಗಾಗುತ್ತ ಹೋಗುವ ತಗಡಿನ ಸುರುಳಿ, ಬಾಯೊಳಗೆ ಮರದ ತುಂಡು.

ಪೆನ್ನಿ ಎಂಬ ಹೆಸರಿಗೆ ಎರಡು ಕಾರಣ ಹೇಳುತ್ತಾರೆ. ಒಂದು ಪೆನ್ನಿಗೆ ಸಿಗುತ್ತಿತ್ತು ಎಂಬುದು ಒಂದು. ಬೀದಿಯಲ್ಲಿ ಊದುವವನಿಗೆ ಜನ ಒಂದು ಪೆನ್ನಿ ಎಸೆಯುತ್ತಿದ್ದರು ಎಂಬುದು ಇನ್ನೊಂದು. ಹಳೆಯ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಕೂಲಿಯವನ ಜೇಬಿಗೂ ಭಾರವಲ್ಲದ ವಾದ್ಯ. ಪಿಟೀಲು ಕೊಳ್ಳಲಾಗದ ಮನೆಯ ಮಗುವೂ ಇದನ್ನು ಕೊಳ್ಳಬಹುದಿತ್ತು. ಐರ್ಲೆಂಡಿನ ಹಳ್ಳಿಗಳಲ್ಲಿ ಇದು ಬೇರು ಬಿಟ್ಟದ್ದಕ್ಕೆ ಅಗ್ಗವೂ ಒಂದು ಕಾರಣ. ಡೂಲಿನ್ ಎಂಬ ಕಡಲತೀರದ ಊರಿನ ಮಿಖೋ ರಸೆಲ್ ಹುಟ್ಟಿದ್ದು 1915ರಲ್ಲಿ, ತೀರಿದ್ದು 1994ರಲ್ಲಿ. ಒಕ್ಕಲುತನದವರು. ಅವರ ಧ್ವನಿಮುದ್ರಿಕೆ ಕೇಳಿ ನೋಡಿ. ಅವಸರವೇ ಇಲ್ಲ. ಅಲಂಕಾರವೂ ಕಡಿಮೆ. ಅದಾದ ಮೇಲೆ ಮೇರಿ ಬರ್ಗಿನ್ ಅವರ 1979ರ ಮುದ್ರಿಕೆ ಕೇಳಿ. ಅದೇ ಆರು ತೂತು, ಹಳ್ಳದ ನೀರು ಕಲ್ಲಿಂದ ಕಲ್ಲಿಗೆ ಹಾರಿದ ಹಾಗೆ. ನನಗೆ ಮೇರಿ ಬೆರಗು ಹುಟ್ಟಿಸುತ್ತಾರೆ, ಮಿಖೋ ಧೈರ್ಯ ಕೊಡುತ್ತಾರೆ.

ಅಗ್ಗದ ವಾದ್ಯ, ಬಡವರ ಕೈಯಲ್ಲಿ ಬೆಳೆದ ವಾದ್ಯ ಎಂದು ಹೇಳಿದೆ. ಇನ್ನು ಮುಂದಿನ ಕಥೆಯಲ್ಲಿ ನಮ್ಮ ಬಿದಿರೂ ಬರುತ್ತದೆ.

ಫಿನ್‌ಬಾರ್ ಫ್ಯೂರಿ ಎಂಬ ಐರಿಷ್ ಸಂಗೀತಗಾರರ ಬಳಿ ಭಾರತದ ಒಂದು ಬಿದಿರಿನ ಕೊಳಲಿತ್ತು. ಅವರಿಗೆ ಜೀವ ಅದು. ಕಛೇರಿಗಳಿಗೆಂದು ಊರೂರು ತಿರುಗುವಾಗ ಅದು ಮುರಿಯಿತು. ಬಿದಿರು ಮುರಿದರೆ ಏನು ಮಾಡುತ್ತೀರಿ? ಇಂಗ್ಲೆಂಡಿನಲ್ಲಿದ್ದ ಗೆಳೆಯ ಬರ್ನಾರ್ಡ್ ಓವರ್ಟನ್ ಹತ್ತಿರ ಒಯ್ದರು. ಓವರ್ಟನ್ ಕೈಚಳಕದ ಮನುಷ್ಯ. ಆದರೆ ಬಿದಿರು ಕೂಡಲಿಲ್ಲ. ಆಗ ಅವರು ಅಲ್ಯೂಮಿನಿಯಂ ಕೊಳವೆ ತೆಗೆದುಕೊಂಡರು. ಅದಕ್ಕೆ ತಗಡಿನ ಕೊಳಲಿನ ಮಾದರಿಯಲ್ಲೇ ಒಂದು ದೊಡ್ಡ ಬಾಯಿ ಮಾಡಿದರು. ಮೊದಲನೆಯದರ ದನಿ ಫ್ಯೂರಿಯವರಿಗೆ ಸಾಲದಾಯಿತು. ಇನ್ನೂ ತಗ್ಗು ಬೇಕು, ಇನ್ನೂ ತುಂಬಿರಬೇಕು ಎಂದರು. ಮಾಡುತ್ತ ಮಾಡುತ್ತ 1971ರಲ್ಲಿ ಮಂದ್ರದ ವಿಷಲ್ ಹುಟ್ಟಿತು. ಲೋ ವಿಷಲ್ ಎಂದು ಅದರ ಹೆಸರು. ಸಣ್ಣದರ ಇಮ್ಮಡಿ ಉದ್ದ, ಹತ್ತಿರ ಹತ್ತಿರ 60 ಸೆಂಟಿಮೀಟರ್. ಒಂದು ಸ್ಥಾಯಿ ಕೆಳಗೆ. ಟೈಟಾನಿಕ್ ಹಾಡಿನ ಆ ಅಳುವ ದನಿ ಈ ಜಾತಿಯದು. ಅದೇ 1971ರಲ್ಲಿ ಬ್ರಿಟನ್ನು 240 ಪೆನ್ನಿಯ ಹಳೆಯ ಲೆಕ್ಕವನ್ನು ಕೈಬಿಟ್ಟಿತು. ಹಳೆಯ ಪೆನ್ನಿ ಹೋದ ವರ್ಷವೇ ಪೆನ್ನಿ ವಿಷಲ್‌ಗೆ ದೊಡ್ಡ ತಮ್ಮ ಹುಟ್ಟಿದ. ಅರ್ಥವಿಲ್ಲದ ಕಾಕತಾಳೀಯ, ನನಗೆ ಇಷ್ಟ ಅಷ್ಟೇ.

ನಾನು ಆಗಾಗ ಯೋಚಿಸುವುದುಂಟು. ನನ್ನ ಬಿದಿರು ಅಟ್ಟದಲ್ಲಿ ಸೀಳಿ ಹೋಯಿತು. ಅವರ ಬಿದಿರು ಮುರಿದು ಇನ್ನೊಂದು ವಾದ್ಯ ಹುಟ್ಟಿತು. ಇಬ್ಬರ ಬಿದಿರೂ ಭಾರತದ್ದೇ.

ಐರ್ಲೆಂಡಿನಿಂದ ಈಗ ದಕ್ಷಿಣ ಆಫ್ರಿಕಾಕ್ಕೆ ಒಂದು ಹಾರು. ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1950ರ ದಶಕ. ಜೋಹಾನ್ಸ್‌ಬರ್ಗ್‌ನ ಬೀದಿ. ಕರಿಯರಿಗೆ ಎಲ್ಲದಕ್ಕೂ ಪಾಸು ಬೇಕಾಗಿದ್ದ ಕಾಲ. ಬಡ ಹುಡುಗರು ಮೂಲೆಯಲ್ಲಿ ನಿಂತು ಈ ವಿಷಲ್‌ನಲ್ಲಿ ಕುಣಿತದ ಮಟ್ಟು ಊದುತ್ತಿದ್ದರು. ಆ ಸಂಗೀತಕ್ಕೆ ಕ್ವೇಲಾ ಎಂದು ಹೆಸರು. ಜುಲು ನುಡಿಯಲ್ಲಿ ಕ್ವೇಲಾ ಎಂದರೆ ಹತ್ತು, ಮೇಲೇರು. ಪೊಲೀಸ್ ವ್ಯಾನನ್ನೂ ಕ್ವೇಲಾ ಕ್ವೇಲಾ ಎನ್ನುತ್ತಿದ್ದರು. ಸ್ಪೋಕ್ಸ್ ಮಾಶಿಯಾನೆ ಎಂಬ ಯುವಕನ ಮುದ್ರಿಕೆ 1954ರಲ್ಲಿ ಬಂತು, ಮನೆಮಾತಾಯಿತು. ಟಾಮ್ ಹಾರ್ಕ್ ಎಂಬ ಕ್ವೇಲಾ ಮುದ್ರಿಕೆ 1958ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ನಮ್ಮ ಮಾತಿಗೆ ಬೇಕಾದ್ದು ಬೇರೆ. ತುಟಿಯನ್ನು ಮಾಡಿಟ್ಟು ಕೊಡುತ್ತಾರೆ ಎಂದು ಆಗಲೇ ಹೇಳಿದೆನಲ್ಲ? ಈ ಹುಡುಗರು ಅದನ್ನು ಒಪ್ಪಲಿಲ್ಲ. ವಿಷಲ್‌ನ ಬಾಯನ್ನು ನೇರ ಇಡದೆ, ಓರೆ ಮಾಡಿ, ಹಲ್ಲಿನ ನಡುವೆ ಒಂದು ಪಕ್ಕಕ್ಕೆ ಕಚ್ಚಿ ಹಿಡಿದರು. ದನಿ ದಪ್ಪವಾಯಿತು. ಸ್ವರವನ್ನು ಬಾಗಿಸಲೂ ಬಂತು. ಎರಡು ಕಾಸಿನ ತಗಡಿನಿಂದ ಸ್ಯಾಕ್ಸೊಫೋನಿನ ಗತ್ತು ಹೊರಡಿಸಿದರು. ನಾನೂ ಕಚ್ಚಿ ನೋಡಿದೆ. ಹಲ್ಲು ನೋವು ಬಂತು.

ಇಂಗ್ಲೆಂಡ್, ಐರ್ಲೆಂಡ್, ಆಫ್ರಿಕಾ ಸುತ್ತಿ ಬಂದೆವು. ಈಗ ಮನೆಗೆ ಬರೋಣ. ನಮ್ಮ ಸಂಗೀತ ಇದರಲ್ಲಿ ಬರುತ್ತದೆಯೇ? ಎಲ್ಲರೂ ಕೇಳುವ ಮೊದಲ ಪ್ರಶ್ನೆ.

ಬರುತ್ತದೆ, ಆದರೆ ನಾವು ಆರಂಭಿಸುವ ಕಡೆಯಿಂದ ಅಲ್ಲ. ಕರ್ನಾಟಕ ಸಂಗೀತದಲ್ಲಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವುದು ಮಾಯಾಮಾಳವಗೌಳದಲ್ಲಿ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ನಂಬಿಕೊಂಡು ಬಂದಿದ್ದೇವೆ. ಕಂಠಕ್ಕೆ ಅದು ರಾಜಮಾರ್ಗ. ಈ ತಗಡಿಗೆ ಅದು ಮುಳ್ಳುದಾರಿ. ಶುದ್ಧ ರಿಷಭಕ್ಕೆ ಕೊನೆಯ ತೂತನ್ನು ಅರ್ಧ ಮುಚ್ಚಬೇಕು. ಶುದ್ಧ ಧೈವತಕ್ಕೆ ಮೇಲಿನಿಂದ ಎರಡನೆಯದನ್ನು ಅರ್ಧ ಮುಚ್ಚಬೇಕು. ಆ ತೂತುಗಳೋ ಅವರೆಕಾಳಿನಷ್ಟೂ ಇಲ್ಲ. ಅದರಲ್ಲಿ ಅರ್ಧ ಎಲ್ಲಿಂದ ತರುವುದು? ನಾನು ಎರಡು ತಿಂಗಳು ಅದೇ ಹಟ ಹಿಡಿದೆ. ದಂಡ.

ಆಮೇಲೆ ಸುಮ್ಮನೆ ಬೆರಳು ಎತ್ತುತ್ತ ಬಂದೆ. ನೀವೂ ಮನಸ್ಸಿನಲ್ಲೇ ನನ್ನ ಜೊತೆ ಬನ್ನಿ. ಮೇಲಿನ ಮೂರು ತೂತಿಗೆ ಎಡಗೈಯ ತೋರು, ನಡು, ಉಂಗುರದ ಬೆರಳು. ಕೆಳಗಿನ ಮೂರಕ್ಕೆ ಬಲಗೈಯವು. ಹೆಬ್ಬೆರಳೆರಡೂ ಹಿಂದಿನಿಂದ ಆಸರೆ. ಆರೂ ಮುಚ್ಚಿದರೆ ಸ. ಕೆಳಗಿನಿಂದ ಒಂದು ಎತ್ತಿ, ರಿ. ಇನ್ನೊಂದು, ಗ. ಹೀಗೇ ಮ, ಪ, ದ. ಎಲ್ಲ ತೆರೆದರೆ ನಿ. ಮತ್ತೆ ಮುಚ್ಚಿ ಚೂರು ಒತ್ತಿ ಊದಿದರೆ ಮೇಲಿನ ಸ. ಇದು ಶಂಕರಾಭರಣ. ಹಿಂದೂಸ್ತಾನಿಯವರಿಗೆ ಬಿಲಾವಲ್. ಬೆರಳು ಅರ್ಧ ಇಡುವ ತಾಪತ್ರಯವೇ ಇಲ್ಲ.

ಇನ್ನೂ ಒಂದು ಸೊಗಸಿದೆ. ಸ ಎಲ್ಲಿ ಇಡುತ್ತೀರಿ ಎಂಬುದನ್ನು ಬದಲಿಸಿ. ಮೇಲಿನ ಮೂರು ಮಾತ್ರ ಮುಚ್ಚಿ, ಅದನ್ನೇ ಸ ಎನ್ನಿ. ಅದೇ ಸ್ವರಗಳಲ್ಲಿ ಹತ್ತಿ. ಮಧ್ಯಮ ತೀವ್ರವಾಗಿ ನಿಲ್ಲುತ್ತದೆ. ಕಲ್ಯಾಣಿ ಬಂತು! ಹಿಂದೂಸ್ತಾನಿ ಬಾನ್ಸುರಿಯವರು ಸ ಹಿಡಿಯುವುದೂ ಹೀಗೇ, ಮೇಲಿನ ಮೂರು ಮುಚ್ಚಿ. ಮೇಲಿನ ಐದು ಮುಚ್ಚಿ ಅದನ್ನು ಸ ಎಂದರೆ ಖರಹರಪ್ರಿಯ. ಮೇಲಿನ ಎರಡು ಮುಚ್ಚಿ ಸ ಎಂದರೆ ಹರಿಕಾಂಭೋಜಿ. ಗ್ರಹಭೇದ ಎಂದು ಸಂಗೀತಗಾರರು ಹೇಳುವುದನ್ನು ಕೇಳಿದ್ದೆ. ಅದೇನೋ ಪಂಡಿತರ ವ್ಯವಹಾರ ಎಂದುಕೊಂಡಿದ್ದೆ. ಅದು ನನ್ನ ಬೆರಳ ಕೆಳಗೇ ಇತ್ತು.

(ಇಲ್ಲಿ ಒಂದೇ ಬೆರಳೇಣಿಯಲ್ಲಿ ಶಂಕರಾಭರಣವನ್ನೂ ಕಲ್ಯಾಣಿಯನ್ನೂ ಊದಿ ಕೇಳಿಸಲಾಯಿತು.)

ಹೊಸಬರಿಗೆ ನನ್ನ ಸಲಹೆ ಮೋಹನ. ಐದೇ ಸ್ವರ, ಒಂದೂ ತಕರಾರಿನದಲ್ಲ. ಮಧ್ಯಮ, ನಿಷಾದ ಬಿಟ್ಟು ಹಾರಿದರಾಯಿತು. ಆಮೇಲೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಸುಮಾರು 40 ಇವೆ. ಆ ಕಾಲದ ಇಂಗ್ಲಿಷ್ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಕೂರಿಸಿದರು. ಬ್ರಿಟನ್ನಿನ ರಾಜಗೀತೆಯ ಮಟ್ಟೂ ಅದರಲ್ಲಿದೆ. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ. ತಗಡಿನ ಕೊಳಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ.

ತೋಡಿ, ಭೈರವಿ? ನನ್ನ ಕೈಯಲ್ಲಿ ಬೇಡ. ಬೆರಳನ್ನು ಹೊರಳಿಸಿ ಸ್ವರವನ್ನು ಜಾರಿಸಬಹುದು, ನಿಜ. ಆದರೆ ತುಟಿಯಿಂದ ಸ್ವರವನ್ನು ಬಾಗಿಸುವ ಸ್ವಾತಂತ್ರ್ಯ ಇಲ್ಲಿ ಕಡಿಮೆ. ಅದು ಬಿದಿರಿನ ಸೊತ್ತು. ತಗಡಿನಲ್ಲಿ ತೋಡಿ ಊದಿದರೆ ಕಾಲಿಗೆ ಹಗ್ಗ ಕಟ್ಟಿ ಓಡಿಸಿದ ಹಾಗಾಗುತ್ತದೆ.

ನಮ್ಮ ರಾಗಗಳಲ್ಲಿ ಯಾವುದು ಒಗ್ಗುತ್ತದೆ ಎಂದು ನೋಡಿದೆವು. ಐರಿಷ್ ಮಟ್ಟುಗಳ ಬಗ್ಗೆ ಎರಡು ಮಾತು. ಅವು ಬಹುಪಾಲು ಕುಣಿತದವು. ಜಿಗ್ ಎಂದರೆ ಮೂರರ ನಡೆ, ನಮ್ಮ ತಕಿಟ ತಕಿಟ. ರೀಲ್ ಎಂದರೆ ನಾಲ್ಕರ ನಡೆ, ತಕಧಿಮಿ. ಒಂದು ಮಟ್ಟಿಗೆ ಸಾಮಾನ್ಯವಾಗಿ ಎರಡು ಭಾಗ, ಪ್ರತಿ ಭಾಗವೂ ಎರಡು ಸಲ. ಹತ್ತು ಜನ ಕೂತರೆ ಹತ್ತೂ ಜನ ಅದೇ ಮಟ್ಟನ್ನು ನುಡಿಸುತ್ತಾರೆ. ಭಜನೆಗೆ ಕೂತ ಹಾಗೆ. ಅಲ್ಲೂ ಉಸಿರಿನದೇ ಆಟ. ನಾವು ಜಂಟಿ ವರಸೆಯಲ್ಲಿ ಸಸ ರಿರಿ ಎನ್ನುವಾಗ ಎರಡನೆಯ ಸ್ವರಕ್ಕೆ ಒತ್ತು ಕೊಡುತ್ತೇವಲ್ಲ, ಅವರು ಅದನ್ನು ಉಸಿರು ಕಡಿಯದೆ ಬೆರಳಿನಿಂದ ಮಾಡುತ್ತಾರೆ. ಮೇಲಿನ ಒಂದು ಬೆರಳನ್ನು ರೆಪ್ಪೆ ಬಡಿದಷ್ಟು ಬೇಗ ಎತ್ತಿ ಇಡುತ್ತಾರೆ. ಕಟ್ ಎಂದು ಅದರ ಹೆಸರು. ಉಸಿರು ಹೊಳೆಯಂತೆ ಹರಿಯುತ್ತಿರುತ್ತದೆ, ಬೆರಳು ಅದರಲ್ಲಿ ಕಲ್ಲೆಸೆಯುತ್ತದೆ.

ಕೊಳ್ಳಬೇಕೆನಿಸಿತೇ? ಬಿಳಿ ಎರಡರ ಶ್ರುತಿಯದು, ಅಂದರೆ ಡಿ ಎಂದು ಬರೆದಿರುವುದನ್ನೇ ಕೊಳ್ಳಿ. ಡಬ್ಲಿನ್‌ನಲ್ಲಿ ಸಾದಾ ವಿಷಲ್‌ಗೆ 10 ರಿಂದ 15 ಯೂರೊ. ದುಬಾರಿಯದರ ಆಸೆಗೆ ಬೀಳಬೇಡಿ. ತೂತನ್ನು ಬೆರಳಿನ ತುದಿಯಿಂದ ಅಲ್ಲ, ಮೆತ್ತನೆಯ ಭಾಗದಿಂದ ಮುಚ್ಚಿ. ಕೀಚಲು ದನಿ ಬಂತೆಂದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಹೆಚ್ಚು ಊದುತ್ತಿದ್ದೀರಿ. ಚಳಿಗಾಲದ ಬೆಳಿಗ್ಗೆ ತಗಡು ತಣ್ಣಗಿರುತ್ತದೆ. ಉಸಿರಿನ ಹಸಿ ಅದರ ಬಾಯೊಳಗೆ ನೀರಾಗಿ ಕೂತು ದನಿ ಕಟ್ಟುತ್ತದೆ. ಐದು ನಿಮಿಷ ಕಂಕುಳಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿ. ಗಾಳಿಯ ದಾರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಬಿಟ್ಟು ಒಣಗಿಸಿದರೂ ನೀರು ಕಟ್ಟುವುದು ತಪ್ಪುತ್ತದೆ. ಮತ್ತೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಊದಬೇಡಿ. ಇದು ಸಂಗೀತಶಾಸ್ತ್ರವಲ್ಲ, ಪಕ್ಕದ ಮನೆಯ ಶಾಸ್ತ್ರ.

ಉಸಿರಿನ ಮಾತನ್ನು ಹಿಡಿದುಕೊಳ್ಳಿ ಎಂದಿದ್ದೆ, ಅಲ್ಲಿಗೇ ಬರುತ್ತೇನೆ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಈ ವಿಷಲ್ ಕಲಿಸುವುದು ವಾಡಿಕೆ. ಅಕ್ಕನ ಮಗನ ಮಗಳಿಗೆ ಈಗ ಎಂಟು ವರ್ಷ. ಅವಳೂ ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಭಾನುವಾರ ಫೋನಿನಲ್ಲಿ ನಮ್ಮಿಬ್ಬರ ಕಛೇರಿ. ಅವಳು ಒಂದು ಜಿಗ್ ಊದುತ್ತಾಳೆ. ನಾನು ಅದನ್ನು ಕೇಳಿ ಹಿಡಿಯಬೇಕು. ನಾನು ಮೋಹನದಲ್ಲಿ ನಾಲ್ಕು ಸ್ವರ ಊದುತ್ತೇನೆ. ಅವಳು ಹಿಡಿಯಬೇಕು. ಅವಳು ಬೇಗ ಹಿಡಿಯುತ್ತಾಳೆ. ಹೋದ ವಾರ ನಾನು ಬಹಳ ಉತ್ಸಾಹದಲ್ಲಿ ಊದಿ ಮುಗಿಸಿ, ಹೇಗಿತ್ತು ಪುಟ್ಟಿ ಎಂದೆ. "ಚೆನ್ನಾಗಿತ್ತು ಅಜ್ಜ, ಆದ್ರೆ ಯಾಕೆ ಅಷ್ಟು ಜೋರಾಗಿ ಊದ್ತೀರಾ? ನಾನು ಇಲ್ಲೇ ಇದೀನಲ್ಲ" ಅಂದಳು.

ಗಾಜಿನ ಆಚೆಯಿಂದ ಒಂದು ಬೆರಳು ಎತ್ತಿ ತೋರಿಸುತ್ತಿದ್ದಾರೆ. ಒಂದು ನಿಮಿಷ ಉಳಿದಿದೆ ಎಂದರ್ಥ. ಒಂದು ನಿಮಿಷಕ್ಕೆ ಮೋಹನದ ಏರಿಳಿತ ಮತ್ತು ಪುಟ್ಟಿ ಕಲಿಸಿದ ಜಿಗ್‌ನ ಮೊದಲ ಭಾಗ ಸಾಕು. ಮೆಲ್ಲಗೆ ಊದುತ್ತೇನೆ. ನಿಮ್ಮ ರೇಡಿಯೊದ ಸದ್ದು ಚೂರು ಏರಿಸಿಕೊಳ್ಳಿ.

(ಊದುತ್ತ ಭಾಷಣ ಮುಗಿಯಿತು.)